ಗುರಾಣಿ ಮುಂದೆ, ಈಟಿ ಹಿಂದೆ

ಗೊರೂರಿನ ನಮ್ಮ ಮನೆ ಅಟ್ಟದಿಂದ ಮಾತಾಡ್ತಿದ್ದೀನಿ. ಇವತ್ತಿನ ವಿಷಯ ಗುರಾಣಿ, ಈಟಿ. ಮೊದಲು ತಪ್ಪೊಪ್ಪಿಗೆ: ಹೋದ ವಾರ ಶಿವಲ್ರಿ 2 ಆಡ್ತಾ ನಾನು ಹೊಡೆದು ಉರುಳಿಸಿದ್ದು ಎದುರಾಳಿಯನ್ನಲ್ಲ, ನಮ್ಮ ಚಿಕ್ಕಪ್ಪನ ಮಗನನ್ನ. ಅವನು ಗುರಾಣಿ ಹಿಡಿದು ನನ್ನ ಮುಂದೆ ನಿಂತಿದ್ದ, ನಾನು ಹಿಂದಿನಿಂದ ಹಾಲ್ಬರ್ಡ್ ಬೀಸಿದೆ. ಎರಡು ದಿನ ಮಾತು ಬಿಟ್ಟಿದ್ದ.

ಹಾಲ್ಬರ್ಡ್ ಅಂದ್ರೆ ಉದ್ದ ಕೋಲಿನ ತುದಿಗೆ ಕೊಡಲಿ, ಈಟಿ ಎರಡನ್ನೂ ಸೇರಿಸಿದ ಆಯುಧ. ಈ ಆಟದಲ್ಲಿ 64 ಜನ ಒಟ್ಟಿಗೆ ಕಾದಾಡ್ತಾರೆ, ನಮ್ಮವರಿಗೂ ಏಟು ತಾಗುತ್ತೆ. ಹಾಗಾಗಿ ಗುಂಪಿನಲ್ಲಿ ಅಡ್ಡ ಬೀಸಲೇಬಾರದು. ಗುರಾಣಿಯವನ ಭುಜದ ಪಕ್ಕದಿಂದ ನೇರ ತಿವಿಯಬೇಕು, ಇಲ್ಲಾಂದ್ರೆ ಮೇಲಿಂದ ಕೆಳಕ್ಕೆ ಹೊಡೀಬೇಕು. ಕೋಲು ಉದ್ದ ಇರೋದೇ ಇದಕ್ಕೆ: ಎದುರಾಳಿಯ ಕತ್ತಿ ನಿಮ್ಮನ್ನ ಮುಟ್ಟಲ್ಲ, ನಿಮ್ಮ ತುದಿ ಅವನನ್ನ ಮುಟ್ಟುತ್ತೆ. ಅವನು ನುಗ್ಗಿ ಮೈಮೇಲೆ ಬಂದ್ರೆ ಮಾತ್ರ ಕಷ್ಟ. ಆಗ ಹೀರೋ ಆಗೋಕೆ ಹೋಗ್ಬೇಡಿ, ಹಿಂದೆ ಸರಿಯಿರಿ. ಗುರಾಣಿಯವನು ನಡುವೆ ಬರ್ಲಿ.

ಗುರಾಣಿಯನ್ನ ಹೇಡಿಗಳ ಆಯುಧ ಅಂತ ಆಡ್ಕೊಳ್ಳೋರಿದ್ದಾರೆ. ಮೊಬೈಲ್ ಹಾಟ್‌ಸ್ಪಾಟ್‌ಗೆ ಕಂಪ್ಯೂಟರ್ ಜೋಡಿಸಿ ಆಡೋ ನಮ್ಮಂಥವರಿಗೆ ಅದೇ ಗತಿ. ಪಿಂಗ್ ಜಾಸ್ತಿ ಇದ್ದಾಗ ಏಟು ಕಣ್ಣಿಗೆ ಬೀಳೋದೇ ತಡವಾಗಿ. ಕತ್ತಿಯಲ್ಲಿ ಸರಿಯಾದ ಕ್ಷಣಕ್ಕೆ ತಡೆಯೋದು ಆಗದ ಮಾತು. ಗುರಾಣಿಯನ್ನ ಮೊದಲೇ ಎತ್ತಿ ಹಿಡಿದಿರಬಹುದು, ಬಾಣವನ್ನೂ ತಡೆಯುತ್ತೆ. ಆದ್ರೆ ಹಿಡಿದೇ ಕೂತ್ರೆ ಕೆಟ್ಟಿರಿ. ಪ್ರತಿ ಏಟಿಗೂ ಸ್ಟ್ಯಾಮಿನಾ ಇಳಿಯುತ್ತೆ. ಎದುರಾಳಿ ಬುದ್ಧಿವಂತನಾದ್ರೆ ಕಾಲಲ್ಲಿ ಒದೀತಾನೆ, ನೀವು ತತ್ತರಿಸ್ತೀರಿ. ಏಟು ಬರೋ ಹೊತ್ತಿಗೆ ಎತ್ತಿ, ಆಮೇಲೆ ಇಳಿಸಿ, ಒಂದೇಟು ವಾಪಸ್ ಕೊಡಿ.

ನಮ್ಮ ಹಾಸನ ಸೀಮೆಯಲ್ಲಿ ವೀರಗಲ್ಲುಗಳಿಗೇನು ಬರ ಇಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಅಪ್ಸರೆಯರು ಕರೆದೊಯ್ಯೋದು, ಮೇಲೆ ಶಿವಲಿಂಗದ ಸನ್ನಿಧಿ. ದನ ಹೊಡ್ಕೊಂಡು ಹೋಗೋರನ್ನ ತಡೆಯೋಕೆ ಹೋಗಿ ಸತ್ತವರ ಕಲ್ಲುಗಳೂ ಎಷ್ಟೋ ಇವೆ. ಈಗ ಅಂಥ ಕಲ್ಲು ಕಂಡ್ರೆ ಕತ್ತಿಗಿಂತ ಮೊದಲು ಎಡಗೈ ನೋಡ್ತೀನಿ, ಗುರಾಣಿ ಎಷ್ಟು ಎತ್ತರಕ್ಕೆ ಹಿಡಿದಿದ್ದಾನೆ ಅಂತ. ಆಟದಲ್ಲಿ ನಮಗೆ ಕೆಲವು ಸೆಕೆಂಡಿಗೆ ಮತ್ತೆ ಜೀವ ಬರುತ್ತೆ, ಅವನಿಗೆ ಬರ್ಲಿಲ್ಲ.

ತಮ್ಮ ಈಗ ರಾಜಿಯಾಗಿದ್ದಾನೆ, ಒಂದು ಷರತ್ತಿನ ಮೇಲೆ: ಅವನು ಎಡಕ್ಕೆ ಸರಿದ್ರೆ ಬಾಯಿಬಿಟ್ಟು "ಎಡ" ಅನ್ನಬೇಕು, ನಾನು ಬಲಗಡೆಯಿಂದ ತಿವೀಬೇಕು. ನಿನ್ನೆ ರಾತ್ರಿ ಮೂರು ಸುತ್ತು ಹಾಗೇ ಆಡಿದ್ವಿ. ಎರಡು ಗೆದ್ವಿ. ಮೂರನೇದರಲ್ಲಿ ಅವನು "ಎಡ" ಅಂತ ಕೂಗಿ ಬಲಕ್ಕೆ ಬಂದ.