ಹುಲಿಗೂ ಮೂವತ್ತು, ಮನೆಬೆಕ್ಕಿಗೂ ಮೂವತ್ತು

ಬಂಡೀಪುರದ ಹುಲಿಯ ಬಾಯಲ್ಲಿರುವುದು 30 ಹಲ್ಲು. ಸಿಂಧನೂರು ತಾಲ್ಲೂಕಿನ ದಢೇಸುಗೂರಿನಲ್ಲಿ ನೆಲ್ಲಿನ ಚೀಲದ ಮೇಲೆ ಮೈಚೆಲ್ಲಿ ಮಲಗುವ ಬೆಕ್ಕಿನ ಬಾಯಲ್ಲೂ 30. ಜೋಡಣೆಯೂ ಅದೇ. ಮೇಲೆ 16, ಕೆಳಗೆ 14. ಅವುಗಳಲ್ಲಿ ಬಾಚಿಹಲ್ಲು 12, ಕೋರೆ 4, ಉಳಿದ 14 ದವಡೆಯವು. ಇನ್ನೂರು ಕಿಲೋ ತೂಗುವ ಗಂಡುಹುಲಿಗೂ ನಾಲ್ಕು ಕಿಲೋ ತೂಗುವ ಬೆಕ್ಕಿಗೂ ದೇವರು ಒಂದೇ ಅಚ್ಚು ಬಳಸಿದ್ದಾನೆ. 2022ರ ಗಣತಿಯ ಪ್ರಕಾರ ಕರ್ನಾಟಕದ ಹುಲಿಗಳು 563. ಗುಣಿಸಿದರೆ ರಾಜ್ಯದ ಹುಲಿಹಲ್ಲುಗಳು 16,890. ಬೆಕ್ಕಿನ ಹಲ್ಲುಗಳೆಷ್ಟು? ಗುಣಿಸೋಣವೆಂದರೆ ಬೆಕ್ಕಿನ ಸಂಖ್ಯೆಯೇ ಇಲ್ಲ. ನಮ್ಮ ಜಾನುವಾರು ಗಣತಿಯವರು ದನ, ಎಮ್ಮೆ, ಯಾಕ್, ಒಂಟೆ, ನಾಯಿ, ಮೊಲ, ಕೊನೆಗೆ ಆನೆಯನ್ನೂ ಸೇರಿಸಿ 15 ಬಗೆಯ ಪ್ರಾಣಿಗಳನ್ನು ಎಣಿಸುತ್ತಾರೆ. ಬೆಕ್ಕು ಆ ಪಟ್ಟಿಯಲ್ಲಿಲ್ಲ.

ಪಟ್ಟಿಯಲ್ಲಿ ಇರಲಿ ಬಿಡಲಿ, ಈ ಭಾಗದಲ್ಲಿ ಬೆಕ್ಕಿಲ್ಲದೆ ನಡೆಯುವುದಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆ 227 ಕಿ.ಮೀ. ಹರಿದು ಬಂದ ಮೇಲೆ ಜೋಳದ ಸೀಮೆ ನೆಲ್ಲಿನ ಸೀಮೆಯಾಯಿತು. ದಢೇಸುಗೂರಿನಲ್ಲಿ ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೃಷಿ ಸಂಶೋಧನಾ ಕೇಂದ್ರವೇ ಇದೆ. 75 ಕಿಲೋ ಚೀಲಗಳನ್ನು ಮನೆಯಲ್ಲಿ ಒಟ್ಟಿದರೆ ಇಲಿ, ಹೆಗ್ಗಣಗಳಿಗೆ ಬಾ ಎಂದು ಕರೆದಂತೆಯೇ. ಇಲಿಯ ಬಾಚಿಹಲ್ಲು ಬದುಕಿರುವ ತನಕ ಬೆಳೆಯುತ್ತಲೇ ಇರುತ್ತದೆ, ವರ್ಷಕ್ಕೆ ಸುಮಾರು 10ರಿಂದ 14 ಸೆಂ.ಮೀ. ಚೀಲ, ಮರ, ವೈರ್ ಏನನ್ನು ಕಡಿದು ಸವೆಸಿದರೂ ಬುಡದಿಂದ ಹೊಸದು ಬರುತ್ತಲೇ ಇರುತ್ತದೆ. ಇಲಿಯನ್ನು ಹಿಡಿಯುವ ಬೆಕ್ಕಿನ ಹಲ್ಲು ಮಾತ್ರ ಒಂದು ಕೂದಲೆಳೆಯಷ್ಟೂ ಬೆಳೆಯುವುದಿಲ್ಲ.

ಮರಿಗೆ ಎರಡು ಮೂರು ವಾರವಾದಾಗ ಹಾಲುಹಲ್ಲು ಮೂಡುತ್ತವೆ, ಒಟ್ಟು 26. ಆರು ತಿಂಗಳ ಹೊತ್ತಿಗೆ ಅವೆಲ್ಲ ಬಿದ್ದು ಕಾಯಂ ಹಲ್ಲು 30 ಬಂದು ಮುಗಿದಿರುತ್ತವೆ. ಆಮೇಲೆ ಬೆಕ್ಕು ಹತ್ತು ವರ್ಷ ಬದುಕಲಿ, ಹದಿನೈದು ಬದುಕಲಿ, ಅಷ್ಟೇ. ಆ ಹಲ್ಲುಗಳ ಮೇಲೆ ಬೀಳುವ ಕೆಲಸ ನೋಡಿ. ಒಂದು ಚಿಟ್ಟಿಲಿಯಲ್ಲಿ ಸುಮಾರು 30 ಕಿಲೋ ಕ್ಯಾಲೊರಿ ಇರುತ್ತದೆ. ಬೇರೇನೂ ಹಾಕದೆ ಬಿಟ್ಟರೆ ಬೆಕ್ಕಿಗೆ ದಿನಕ್ಕೆ ಎಂಟಾದರೂ ಬೇಕು. ವರ್ಷಕ್ಕೆ 2,920, ಹನ್ನೆರಡು ವರ್ಷಕ್ಕೆ 35,040 ಇಲಿ. ಅಷ್ಟನ್ನೂ ಕುತ್ತಿಗೆಯ ಎಲುಬಿನ ಸಂದಿಗೆ ಕೋರೆ ಇಳಿಸಿಯೇ ಕೊಲ್ಲಬೇಕು, ಮತ್ತು ಕೋರೆ ಇರುವುದು ನಾಲ್ಕೇ. ಹಾಲು ಅನ್ನ ಹಾಕುವ ಮನೆಯ ಬೆಕ್ಕು ಇಷ್ಟು ದುಡಿಯುವುದಿಲ್ಲ ಎನ್ನಿ.

ಹಲ್ಲಿನ ಹೊರಕವಚವಾದ ಎನಾಮಲ್ ಮನುಷ್ಯರಲ್ಲಿ ಎರಡೂವರೆ ಮಿ.ಮೀ.ವರೆಗೂ ದಪ್ಪ ಇರುತ್ತದೆ. ಬೆಕ್ಕಿನಲ್ಲಿ 0.1ರಿಂದ 0.3 ಮಿ.ಮೀ. ಮುಂದಿನ ಹನ್ನೆರಡು ಬಾಚಿಹಲ್ಲುಗಳಂತೂ ಸೋನಾ ಮಸೂರಿ ಅಕ್ಕಿಕಾಳಿಗಿಂತ ಚಿಕ್ಕವು. ಇಷ್ಟು ಸಣ್ಣ ಬಾಯೊಳಗೆ ಏನಾಗುತ್ತಿದೆ ಎಂದು ನೋಡುವವರಾದರೂ ಯಾರು?

ನೋಡುವುದು ಕಷ್ಟವಲ್ಲ. ಬೆಕ್ಕು ಉಂಡು ತೊಡೆಯ ಮೇಲೆ ಕಣ್ಣು ಮುಚ್ಚಿರುವಾಗ ಹಿಂದಿನಿಂದ ತಲೆ ಹಿಡಿದು, ಹೆಬ್ಬೆರಳಿನಿಂದ ಮೇಲ್ದುಟಿಯನ್ನು ತುಸು ಎತ್ತಿ. ಬಾಯಿ ತೆರೆಸಬೇಕಿಲ್ಲ. ಕೋರೆಯ ಹಿಂದೆ, ಕೆನ್ನೆಯ ಕಡೆ ಮೂರು ಬೇರಿನ ಒಂದು ದೊಡ್ಡ ಹಲ್ಲು ಕಾಣುತ್ತದೆ. ಕತ್ತರಿಯ ಅಲಗಿನಂತೆ ಮಾಂಸ ಕತ್ತರಿಸುವುದು ಅದೇ. ಮೊದಲು ಹಳದಿಯಾಗಿ, ಆಮೇಲೆ ಕಂದಾಗಿ ಕಿಟ್ಟ ಕಟ್ಟುವುದೂ ಅದರ ಮೇಲೆಯೇ. ಹಲ್ಲು ವಸಡು ಕೂಡುವಲ್ಲಿ ದಾರದಂಥ ಕೆಂಪು ಗೆರೆ ಕಂಡರೆ ವಸಡು ಬಾತಿದೆ ಎಂದರ್ಥ. ಆರೋಗ್ಯವಾಗಿದ್ದರೆ ಆ ಗೆರೆ ಇರುವುದಿಲ್ಲ. (ಸಿಟ್ಟಿಗೆದ್ದು ಕಚ್ಚಿತೋ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ರೇಬಿಸ್ ಲಸಿಕೆಗಾಗಿ ಆಸ್ಪತ್ರೆಗೆ ಹೋಗಿ. ಮನೆಬೆಕ್ಕು ತಾನೇ ಎಂದು ಕೂರಬೇಡಿ.)

ಹಲ್ಲಿನ ಮೇಲೆ ಕೂರುವ ಮೆತ್ತನೆಯ ಪಾಚಿಯ ಜನಸಂಖ್ಯೆ ತಲೆ ತಿರುಗಿಸುತ್ತದೆ. ಮನುಷ್ಯರ ಹಲ್ಲಿನ ಪಾಚಿಯನ್ನು ಅಳೆದ ಲೆಕ್ಕ ಹಿಡಿದರೆ ಒಂದು ಮಿಲಿಗ್ರಾಂನಲ್ಲಿ 10 ಕೋಟಿಯಷ್ಟು ಬ್ಯಾಕ್ಟೀರಿಯಾ. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕ ಇದ್ದದ್ದು 6.11 ಕೋಟಿ! ಬೆಕ್ಕಿನ ಜೊಲ್ಲಿನಲ್ಲಿ ಕ್ಷಾರ ಹೆಚ್ಚು. ಅದರಿಂದ ಒಂದು ಲಾಭ: ನಮ್ಮಂತೆ ಹುಳುಕು ಹಲ್ಲು ಬೆಕ್ಕಿಗೆ ಬರುವುದಿಲ್ಲವೆಂದೇ ಹೇಳಬಹುದು. ನಷ್ಟವೂ ಅದರಿಂದಲೇ. ಪಾಚಿ ಎರಡು ಮೂರು ದಿನದಲ್ಲಿ ಗಟ್ಟಿಯಾಗಿ ಕಲ್ಲಾಗತೊಡಗುತ್ತದೆ. ಒಮ್ಮೆ ಕಲ್ಲಾದದ್ದು ಬ್ರಷ್ಷಿಗೆ ಜಗ್ಗುವುದಿಲ್ಲ.

ಇದನ್ನೆಲ್ಲ ಊರಲ್ಲಿ ಹೇಳಲು ಹೋದರೆ ಸಿಗುವ ಉತ್ತರ ಒಂದೇ. “ಬೆಕ್ಕಿಗ್ಯಾತರ ಹಲ್ಲುಜ್ಜೂದು? ಇಲಿ ತಿಂತೈತಿ, ಎಲುಬು ಕಡೀತೈತಿ, ಹಲ್ಲು ತಾನ ಸ್ವಚ್ಛ ಆಗ್ತಾವ.” ಮಾತಿನಲ್ಲಿ ಅರ್ಧ ಸತ್ಯ ಇದೆ. ಉಳಿದರ್ಧಕ್ಕೆ ಉತ್ತರವಿರುವುದು ದಕ್ಷಿಣ ಆಫ್ರಿಕಕ್ಕೆ ಸೇರಿದ ಮರಿಯನ್ ಎಂಬ ಚಳಿದ್ವೀಪದಲ್ಲಿ. 1949ರಲ್ಲಿ ಅಲ್ಲಿನ ಹವಾಮಾನ ಠಾಣೆಯವರು ಇಲಿ ಹಿಡಿಯಲೆಂದು ನಾಲ್ಕೈದು ಬೆಕ್ಕು ಕೊಂಡೊಯ್ದರು. 1977ರ ಹೊತ್ತಿಗೆ ಅವು ಸುಮಾರು 3,400 ಆಗಿದ್ದವು, ವರ್ಷಕ್ಕೆ ನಾಲ್ಕೂವರೆ ಲಕ್ಷದಷ್ಟು ಕಡಲಹಕ್ಕಿಗಳನ್ನು ತಿನ್ನುತ್ತಿದ್ದವು. ಹಕ್ಕಿಸಂಕುಲ ಉಳಿಯಲೆಂದು ಅವನ್ನೆಲ್ಲ ಕೊಲ್ಲಬೇಕಾಯಿತು, 1991ಕ್ಕೆ ಕೊನೆಯ ಬೆಕ್ಕೂ ಮುಗಿಯಿತು. ಹಾಗೆ ಸಿಕ್ಕ 301 ತಲೆಬುರುಡೆಗಳ ಹಲ್ಲನ್ನು ಪರೀಕ್ಷಿಸಿದ ವರದಿ 1996ರಲ್ಲಿ ಬಂತು. ಹಾಲು ಅನ್ನ ಕಾಣದೆ, ಹುಟ್ಟಿದಾಗಿನಿಂದ ಎಲುಬು ಕಡಿದೇ ಬೆಳೆದ ಬೆಕ್ಕುಗಳವು. ಅರ್ಧಕ್ಕಿಂತ ಹೆಚ್ಚು ಬುರುಡೆಗಳಲ್ಲಿ ಹಲ್ಲು ಹಿಡಿದ ಎಲುಬೇ ತಿಂದುಹೋಗಿತ್ತು. ಎರಡು ವರ್ಷದ ನಂತರ ಆಸ್ಟ್ರೇಲಿಯದ ಕಾಡುಬಿದ್ದ ಬೆಕ್ಕುಗಳನ್ನು ಸಾಕುಬೆಕ್ಕುಗಳ ಜೊತೆ ಇಟ್ಟು ನೋಡಿದರು. ಕಾಡಿನವಕ್ಕೆ ಕಿಟ್ಟ ಕಡಿಮೆ, ವಸಡಿನ ರೋಗ ಮಾತ್ರ ಕಡಿಮೆ ಇರಲಿಲ್ಲ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಬೆಕ್ಕಿನ ಆರೋಗ್ಯ ಕೇಂದ್ರ ಹೇಳುವಂತೆ ನಾಲ್ಕು ವರ್ಷ ದಾಟಿದ ಬೆಕ್ಕುಗಳಲ್ಲಿ ಶೇ. 50ರಿಂದ 90ರಷ್ಟಕ್ಕೆ ಒಂದಲ್ಲ ಒಂದು ಹಲ್ಲಿನ ತೊಂದರೆ. ಅದರಲ್ಲಿ ವಿಚಿತ್ರವಾದದ್ದು ಶೇ. 30ರಿಂದ 70 ಬೆಕ್ಕುಗಳಲ್ಲಿ ಕಾಣುವ ಒಂದು ರೋಗ. ಬೆಕ್ಕಿನ ದೇಹದ ಜೀವಕೋಶಗಳೇ ಅದರ ಹಲ್ಲನ್ನು ಬುಡದಿಂದ ಕರಗಿಸಿಬಿಡುತ್ತವೆ. ಕಾರಣ ಇನ್ನೂ ಪೂರ್ತಿ ಬಗೆಹರಿದಿಲ್ಲ. ಹೊರಗೆ ಕಾಣುವುದು ಹಲ್ಲಿನ ಬುಡದಲ್ಲಿ ಒಂದು ಗುಲಾಬಿ ಚುಕ್ಕೆ, ಅಷ್ಟೇ. ನೋವು ಅಸಹನೀಯ. ಆದರೂ ಬೆಕ್ಕು ಕೂಗುವುದಿಲ್ಲ, ಉಣ್ಣುವುದನ್ನೂ ಬಿಡುವುದಿಲ್ಲ. ಒಂದೇ ಪಕ್ಕದಲ್ಲಿ ಅಗಿಯುತ್ತದೆ, ತುತ್ತು ಬಾಯಿಂದ ಬೀಳುತ್ತದೆ, ಜೊಲ್ಲು ಸುರಿಯುತ್ತದೆ, ಬಾಯಿ ನಾರುತ್ತದೆ. ವಯಸ್ಸಾಯಿತು ಎಂದು ನಾವು ಸುಮ್ಮನಾಗುತ್ತೇವೆ.

ಮಾಡಬೇಕಾದ ಕೆಲಸದ ಲೆಕ್ಕ ಮಾತ್ರ ನಾಚಿಕೆಯಾಗುವಷ್ಟು ಚಿಕ್ಕದು. ದಿನಕ್ಕೆ 30 ಸೆಕೆಂಡ್. ವರ್ಷವಿಡೀ ಕೂಡಿಸಿದರೆ ಮೂರು ಗಂಟೆ ಚಿಲ್ಲರೆ, ಒಂದು ಸಿನಿಮಾದಷ್ಟು. ಹಸುಗೂಸಿನ ಮೆತ್ತನೆಯ ಬ್ರಷ್ಷು, ಇಲ್ಲವೇ ಬೆರಳಿಗೆ ಸುತ್ತಿದ ಒದ್ದೆ ಅರಿವೆ ಸಾಕು. ಹೊರಮೈ ಒರೆಸಿದರೆ ಆಯಿತು, ಒಳಮೈಯನ್ನು ಅದರ ಮುಳ್ಳುನಾಲಿಗೆ ಬಹುಮಟ್ಟಿಗೆ ನೋಡಿಕೊಳ್ಳುತ್ತದೆ. ನಮ್ಮ ಪೇಸ್ಟ್ ಬೇಡವೇ ಬೇಡ. ಬೆಕ್ಕಿಗೆ ಉಗುಳಲು ಬರುವುದಿಲ್ಲ, ಫ್ಲೋರೈಡ್ ಸೇರಿ ಎಲ್ಲ ಹೊಟ್ಟೆಗೇ ಹೋಗುತ್ತದೆ. ಮರಿಯಿದ್ದಾಗಲೇ ರೂಢಿ ಮಾಡಿಸಿದರೆ ಸಲೀಸು. ಐದು ವರ್ಷದ ಗಡವ ಬೆಕ್ಕಿಗೆ ಒಮ್ಮೆಲೇ ಬ್ರಷ್ ಹಿಡಿದು ಹೋದರೆ ಕೈಯೆಲ್ಲ ಗೀರು. ಕಿಟ್ಟ ಕಲ್ಲಾಗಿದ್ದರೆ ಅದು ಪಶುವೈದ್ಯರ ಕೆಲಸ, ಅರಿವಳಿಕೆ ಕೊಟ್ಟೇ ತೆಗೆಯಬೇಕು. ಉಗುರಿನಿಂದ, ಪಿನ್ನಿನಿಂದ ಕೆರೆಯುವ ಸಾಹಸ ಬೇಡ.

ವಸಡಿನ ಉರಿ ಬಾಯಿಯನ್ನೆಲ್ಲ ಆವರಿಸಿ ಯಾವ ಔಷಧಕ್ಕೂ ಬಗ್ಗದಿದ್ದರೆ ವೈದ್ಯರು ಹಲ್ಲುಗಳನ್ನೇ ಕಿತ್ತುಬಿಡುತ್ತಾರೆ, ಕೆಲವೊಮ್ಮೆ 30ಕ್ಕೆ 30. ಕೇಳಲು ಕ್ರೂರ. ಹಾಗೆ ಹಲ್ಲು ತೆಗೆಸಿಕೊಂಡ ಬೆಕ್ಕುಗಳಲ್ಲಿ ಮೂರಕ್ಕೆ ಎರಡು ಚೆನ್ನಾಗಿ ಚೇತರಿಸಿಕೊಂಡಿವೆ. ಹಲ್ಲಿದ್ದಾಗ ತಟ್ಟೆಯ ಮುಂದೆ ಹಿಂಜರಿಯುತ್ತಿದ್ದವು ಬೊಚ್ಚುಬಾಯಲ್ಲಿ ಗಬಗಬ ತಿನ್ನುತ್ತವೆ, ಮೈ ತುಂಬಿಕೊಳ್ಳುತ್ತವೆ. ನೆಲ್ಲಿನ ಚೀಲ ಕಾಯಲು ಮಾತ್ರ ಇನ್ನೊಂದು ಬೆಕ್ಕನ್ನು ಹುಡುಕಿಕೊಳ್ಳಬೇಕು.