ಅಯಸ್ಕಾಂತ ಶಾಲೆಗಳು: ಅಮೆರಿಕದ ಸಾರ್ವಜನಿಕ ಶಿಕ್ಷಣದಲ್ಲಿ ಒಂದು ಪ್ರಯೋಗ

ವಿದ್ಯೆಯು ಸರ್ವರಿಗೂ ಸಲ್ಲಬೇಕೆಂಬ ತತ್ತ್ವವನ್ನು ಒಪ್ಪದ ನಾಗರಿಕ ಸಮಾಜ ಇಂದು ವಿರಳ. ಆದರೆ ಎಲ್ಲರಿಗೂ ಶಾಲೆಯನ್ನು ಒದಗಿಸುವುದು ಬೇರೆ, ಎಲ್ಲರ ಮಕ್ಕಳನ್ನೂ ಒಂದೇ ಸೂರಿನಡಿ ಕೂಡಿಸುವುದು ಬೇರೆ. ಮೊದಲನೆಯದು ಹಣ ಹಾಗೂ ಆಡಳಿತಗಳ ಪ್ರಶ್ನೆ. ಎರಡನೆಯದು ಜನಮನದ ಪ್ರಶ್ನೆ. ಈ ಎರಡನೆಯ ಪ್ರಶ್ನೆಗೆ ಉತ್ತರವನ್ನು ಅರಸುತ್ತ ಅಮೆರಿಕ ಸಂಯುಕ್ತ ಸಂಸ್ಥಾನಗಳು ಕಂಡುಕೊಂಡ ಮಾರ್ಗಗಳಲ್ಲಿ ‘ಮ್ಯಾಗ್ನೆಟ್ ಶಾಲೆ’ಗಳೂ ಒಂದು. ಸೂಜಿಗಲ್ಲು ಕಬ್ಬಿಣವನ್ನು ತನ್ನೆಡೆಗೆ ಸೆಳೆಯುವಂತೆ ದೂರದ ಬಡಾವಣೆಗಳ ಮಕ್ಕಳನ್ನು ತನ್ನ ಗುಣದಿಂದಲೇ ಸೆಳೆಯುವ ಸರ್ಕಾರಿ ಶಾಲೆ ಎಂಬುದು ಈ ಹೆಸರಿನ ತಾತ್ಪರ್ಯ.

ಇದರ ಹಿನ್ನೆಲೆಯನ್ನು ತಿಳಿಯಬೇಕಾದರೆ ಆ ದೇಶದ ವರ್ಣಭೇದದ ಇತಿಹಾಸವನ್ನು ಸ್ವಲ್ಪ ನೆನೆಯಬೇಕು. ‘ಬೇರೆಯಾದರೂ ಸಮಾನ’ ಎಂಬ ನೆವದಿಂದ ಕಪ್ಪು ಜನರನ್ನು ಪ್ರತ್ಯೇಕವಾಗಿಡುವ ಪದ್ಧತಿಗೆ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು 1896ರಲ್ಲಿ ಸಮ್ಮತಿಯ ಮುದ್ರೆಯನ್ನು ಒತ್ತಿತ್ತು. 1954ರ ಮೇ 17ರಂದು ಮುಖ್ಯ ನ್ಯಾಯಾಧೀಶ ಅರ್ಲ್ ವಾರನ್ ಅವರು ಬ್ರೌನ್ ಮೊಕದ್ದಮೆಯಲ್ಲಿ ಓದಿದ ಸರ್ವಾನುಮತದ ತೀರ್ಪು, ಶಿಕ್ಷಣದ ಮಟ್ಟಿಗೆ ಆ ನೆವವನ್ನು ತೊಡೆದುಹಾಕಿತು. ಆದರೆ ತೀರ್ಪಿನಿಂದ ಕಾನೂನು ಬದಲಾಯಿತೇ ಹೊರತು ಊರುಗಳ ವಿನ್ಯಾಸ ಬದಲಾಗಲಿಲ್ಲ. ಅಮೆರಿಕದಲ್ಲಿ ಸಾಮಾನ್ಯವಾಗಿ ಮಗು ತಾನು ವಾಸಿಸುವ ಬಡಾವಣೆಗೆ ಗೊತ್ತುಮಾಡಿದ ಶಾಲೆಗೇ ಹೋಗಬೇಕು. ಬಡಾವಣೆಗಳೇ ವರ್ಣಾನುಸಾರವಾಗಿ ಒಡೆದಿದ್ದುದರಿಂದ ಶಾಲೆಗಳೂ ಹಾಗೆಯೇ ಉಳಿದವು.

ಈ ಕಟ್ಟನ್ನು ಬಿಡಿಸಲು ಮಕ್ಕಳನ್ನು ಬಸ್ಸುಗಳಲ್ಲಿ ಬೇರೆ ಬಡಾವಣೆಯ ಶಾಲೆಗಳಿಗೆ ಒಯ್ಯುವ ಕ್ರಮವನ್ನು ಸರ್ವೋಚ್ಚ ನ್ಯಾಯಾಲಯವು 1971ರಲ್ಲಿ ಎತ್ತಿಹಿಡಿಯಿತು. ಅದಕ್ಕೆ ಬಂದ ವಿರೋಧ ಅಲ್ಪವಾದುದಲ್ಲ. 1974ರಲ್ಲಿ ಬಾಸ್ಟನ್ ನಗರದಲ್ಲಿ ಮಕ್ಕಳ ಬಸ್ಸುಗಳ ಮೇಲೆಯೇ ಕಲ್ಲುಗಳು ಬಿದ್ದವು. ಅನೇಕ ಬಿಳಿಯ ಕುಟುಂಬಗಳು ನಗರಗಳನ್ನು ತೊರೆದು ಉಪನಗರಗಳನ್ನು ಸೇರಿದವು. ಅದೇ ವರ್ಷ ಡೆಟ್ರಾಯಿಟ್ ನಗರದ ಮೊಕದ್ದಮೆಯಲ್ಲಿ, ಪ್ರತ್ಯೇಕತೆಗೆ ಕಾರಣವಾಗಿರದ ಉಪನಗರಗಳನ್ನು ನಗರದ ಯೋಜನೆಯೊಳಗೆ ಬಲವಂತದಿಂದ ಎಳೆಯಲಾಗದೆಂದು ತೀರ್ಪಾಯಿತು. ಅಲ್ಲಿಗೆ ನಗರದ ಎಲ್ಲೆಯನ್ನು ದಾಟಿ ಮಕ್ಕಳನ್ನು ಕೂಡಿಸಲು ಒತ್ತಾಯಕ್ಕಿಂತ ಆಕರ್ಷಣೆಯೇ ಮುಖ್ಯ ಸಾಧನವಾಗಿ ಉಳಿಯಿತು.

ಅಯಸ್ಕಾಂತ ಶಾಲೆಯ ಕಲ್ಪನೆ ಆ ವೇಳೆಗೆ ಮೊಳೆತಿತ್ತು. ವಾಷಿಂಗ್ಟನ್ ರಾಜ್ಯದ ಟಕೋಮಾ ನಗರದಲ್ಲಿ, ಬಹುಪಾಲು ಕಪ್ಪು ಮಕ್ಕಳೇ ಇದ್ದ ಮೆಕಾರ್ವರ್ ಪ್ರಾಥಮಿಕ ಶಾಲೆಯನ್ನು 1968ರಲ್ಲಿ ಹೊಸ ಬೋಧನಕ್ರಮದಿಂದ ಪುನಾರಚಿಸಿ, ಬಿಳಿಯ ಪೋಷಕರೂ ತಾವಾಗಿ ಮಕ್ಕಳನ್ನು ಕಳುಹಿಸುವಂತೆ ಮಾಡಲಾಯಿತು. ಇದನ್ನೇ ಈ ಬಗೆಯ ಮೊದಲ ಶಾಲೆಯೆಂದು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. 1971ರಲ್ಲಿ ಹ್ಯೂಸ್ಟನ್ ನಗರದಲ್ಲಿ ಲಲಿತಕಲೆಗಳಿಗೆ ಮೀಸಲಾದ ಪ್ರೌಢಶಾಲೆ ತೆರೆಯಿತು. 1976ರ ಶಾಸನ ತಿದ್ದುಪಡಿಯಿಂದ ಕೇಂದ್ರ ಸರ್ಕಾರದ ನೆರವು ದೊರಕಿತು. 1984ರಲ್ಲಿ ಇದಕ್ಕಾಗಿಯೇ ಪ್ರತ್ಯೇಕ ಅನುದಾನ ಯೋಜನೆ ಶಾಸನಬದ್ಧವಾಯಿತು. 2015-16ರ ವೇಳೆಗೆ ಇಂಥ ಶಾಲೆಗಳ ಸಂಖ್ಯೆ 3,200ನ್ನು ಮೀರಿ, ಅವುಗಳಲ್ಲಿ ಸುಮಾರು 26 ಲಕ್ಷ ವಿದ್ಯಾರ್ಥಿಗಳಿದ್ದರು.

ಈ ಶಾಲೆಗಳ ಲಕ್ಷಣಗಳು ಮುಖ್ಯವಾಗಿ ಮೂರು. ಮೊದಲನೆಯದಾಗಿ, ವಿಜ್ಞಾನ, ಸಂಗೀತ, ನಾಟಕ, ಪರಭಾಷೆ, ಮಾಂಟೆಸ್ಸರಿ ಪದ್ಧತಿ ಮುಂತಾದುವುಗಳಲ್ಲಿ ಯಾವುದಾದರೊಂದು ವಿಶೇಷವನ್ನು ಕೇಂದ್ರವಾಗಿಟ್ಟುಕೊಂಡು ಪಾಠಕ್ರಮವನ್ನು ಹೆಣೆಯಲಾಗುತ್ತದೆ. ಎರಡನೆಯದಾಗಿ, ಪ್ರವೇಶಕ್ಕೆ ಬಡಾವಣೆಯ ಎಲ್ಲೆಯ ನಿರ್ಬಂಧವಿಲ್ಲ. ಅರ್ಜಿಗಳು ಹೆಚ್ಚಾದಾಗ ಬಹುತೇಕ ಕಡೆ ಚೀಟಿ ಎತ್ತಿ ಆಯ್ಕೆ ಮಾಡುತ್ತಾರೆ, ಕೆಲವೆಡೆ ಪರೀಕ್ಷೆಯುಂಟು. ಮೂರನೆಯದಾಗಿ, ಇವು ಸಾರ್ವಜನಿಕ ಶಾಲೆಗಳಾದುದರಿಂದ ಬೋಧನಶುಲ್ಕವಿಲ್ಲ.

ಆದರೆ ಆಕರ್ಷಣೆಗೂ ಮಿತಿಯುಂಟು. ಮಿಸ್ಸೂರಿ ರಾಜ್ಯದ ಕ್ಯಾನ್ಸಸ್ ಸಿಟಿಯ ಉದಾಹರಣೆ ಇಲ್ಲಿ ಗಮನಾರ್ಹ. 1985ರಿಂದ ನ್ಯಾಯಾಲಯದ ಆಜ್ಞೆಯಂತೆ ಅಲ್ಲಿನ ಶಾಲೆಗಳಿಗೆ ಹರಿದುಬಂದ ಹಣ ಸುಮಾರು 200 ಕೋಟಿ ಡಾಲರ್. ಭವ್ಯ ಕಟ್ಟಡಗಳೆದ್ದವು, ಒಲಿಂಪಿಕ್ ಪ್ರಮಾಣದ ಈಜುಕೊಳವೂ ಆಯಿತು. ಆದರೂ ಉಪನಗರಗಳಿಂದ ನಿರೀಕ್ಷಿಸಿದಷ್ಟು ಮಕ್ಕಳು ಬರಲಿಲ್ಲ, ಕಲಿಕೆಯ ಮಟ್ಟವೂ ಆಶಿಸಿದಂತೆ ಏರಲಿಲ್ಲ. 1995ರಲ್ಲಿ ಸರ್ವೋಚ್ಚ ನ್ಯಾಯಾಲಯವು ಕೆಳ ನ್ಯಾಯಾಲಯ ತನ್ನ ಅಧಿಕಾರವನ್ನು ಮೀರಿತೆಂದು ತೀರ್ಮಾನಿಸಿತು. 2000ರಲ್ಲಿ ಆ ಶಾಲಾ ಜಿಲ್ಲೆ ರಾಜ್ಯದ ಮಾನ್ಯತೆಯನ್ನೇ ಕಳೆದುಕೊಂಡಿತು.

ಇದಕ್ಕೆ ಭಿನ್ನವಾದ ಚಿತ್ರ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನದು. ಶೆಫ್ ಮೊಕದ್ದಮೆಯೆಂದು ಹೆಸರಾದ ವ್ಯಾಜ್ಯದಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ, ಮಕ್ಕಳ ಪ್ರತ್ಯೇಕತೆ ರಾಜ್ಯ ಸಂವಿಧಾನಕ್ಕೆ ವಿರುದ್ಧವೆಂದು ಸಾರಿತು. ತರುವಾಯ ನಗರ ಹಾಗೂ ಉಪನಗರಗಳ ಮಕ್ಕಳು ಒಟ್ಟಿಗೆ ಕಲಿಯುವ ಅಯಸ್ಕಾಂತ ಶಾಲೆಗಳನ್ನು ರಾಜ್ಯವೇ ಬೆಳೆಸಿತು. 2022ರಲ್ಲಿ ಉಭಯ ಪಕ್ಷಗಳು ಒಪ್ಪಂದಕ್ಕೆ ಬಂದು, ಅಪೇಕ್ಷಿಸುವ ನಗರದ ಮಕ್ಕಳಿಗೆಲ್ಲ ಇಂಥ ಅವಕಾಶ ದೊರಕಿಸುವ ಗುರಿಯನ್ನು ಇಟ್ಟುಕೊಂಡವು. 1989ರಲ್ಲಿ ದಾವೆ ಹೂಡಿದಾಗ ಬಾಲಕರಾಗಿದ್ದವರು ಅಷ್ಟರಲ್ಲಿ ಮಧ್ಯವಯಸ್ಸನ್ನು ಮುಟ್ಟಿದ್ದರು ಎಂಬುದೂ ಚಿಂತನೀಯ.

ಈ ಪದ್ಧತಿಯ ಮೇಲೆ ಆಕ್ಷೇಪಗಳೂ ಇವೆ. ಅರ್ಜಿ ಹಾಕುವ ಕ್ರಮವನ್ನು ಬಲ್ಲ, ವಿಚಾರಿಸುವ ವ್ಯವಧಾನವುಳ್ಳ ತಂದೆತಾಯಿಗಳ ಮಕ್ಕಳೇ ಹೆಚ್ಚಾಗಿ ಇದರ ಲಾಭ ಪಡೆಯುತ್ತಾರೆ. ಚುರುಕು ಮಕ್ಕಳೂ ಒಳ್ಳೆಯ ಶಿಕ್ಷಕರೂ ಹೊರಟುಹೋದ ಮೇಲೆ ಬಡಾವಣೆಯ ಶಾಲೆ ಬಡವಾಗುತ್ತದೆ ಎಂಬುದು ಟೀಕಾಕಾರರ ವಾದ. ಚೀಟಿಯಲ್ಲಿ ಹೆಸರು ಬಾರದ ಮಗುವಿನ ಗತಿಯೇನು ಎಂಬ ಪ್ರಶ್ನೆಗೆ ಸಮಾಧಾನಕರ ಉತ್ತರವಿಲ್ಲ. ಅಲ್ಲದೆ, ಪ್ರತ್ಯೇಕ ವಿದ್ಯಾರ್ಥಿಯ ವರ್ಣವನ್ನು ನೋಡಿ ಶಾಲೆಯನ್ನು ಗೊತ್ತುಮಾಡುವ ಸಿಯಾಟಲ್ ಮತ್ತು ಲೂಯಿವಿಲ್ ನಗರಗಳ ಯೋಜನೆಗಳನ್ನು 2007ರಲ್ಲಿ ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿದ ಮೇಲೆ, ಅನೇಕ ಜಿಲ್ಲೆಗಳು ಕುಟುಂಬದ ಆದಾಯ ಮತ್ತು ನೆರೆಹೊರೆಗಳನ್ನು ಮಾನದಂಡವಾಗಿ ಹಿಡಿಯಬೇಕಾಯಿತು.

ಅರ್ಧ ಶತಮಾನವನ್ನು ಮೀರಿದ ಈ ಪ್ರಯೋಗದಿಂದ ಶಿಕ್ಷಕರೂ ವಿದ್ಯಾದಾನಿಗಳೂ ಗ್ರಹಿಸಬಹುದಾದ ಅಂಶ ಸ್ಪಷ್ಟವಾಗಿದೆ. ಕಟ್ಟಡ ಮತ್ತು ಉಪಕರಣಗಳು ಪೋಷಕರನ್ನು ಬಾಗಿಲವರೆಗೆ ಕರೆತರಬಲ್ಲವು; ಒಳಗೆ ಮಗುವನ್ನು ನೆಲೆಗೊಳಿಸುವುದು ತರಗತಿಯಲ್ಲಿ ನಿತ್ಯವೂ ನಡೆಯುವ ಬೋಧನೆ. ಒಂದು ಶಾಲೆ ಎಷ್ಟು ಮಕ್ಕಳನ್ನು ಸೆಳೆಯಿತೆಂಬುದರ ಜೊತೆಗೆ, ಅದರ ಸೆಳೆತದಿಂದ ನೆರೆಯ ಶಾಲೆ ಏನಾಯಿತೆಂಬುದನ್ನೂ ವಿಚಾರಿಸುವ ಸಮಾಜವೇ ಸಾರ್ವಜನಿಕ ಶಿಕ್ಷಣವೆಂಬ ಹೆಸರನ್ನು ಸಾರ್ಥಕಗೊಳಿಸೀತು.