ದೀಪ ಆರಿದರೆ ಹಿಂದಿನ ಮನೆಗೆ

ಸೊರಬ ತಾಲ್ಲೂಕಿನ ಚಂದ್ರಗುತ್ತಿ ಹೋಬಳಿಯ ಹಳ್ಳಿಯೊಂದರಲ್ಲಿ ಬಲಿಪಾಡ್ಯದ ರಾತ್ರಿ ಅಂಟಿಗೆ-ಪಂಟಿಗೆ ತಂಡದ ಬೆನ್ನಿಗೆ ಬಿದ್ದು ನಡೆದ ಮೇಲೆ ಒಲಿಂಪಿಕ್ ಜ್ಯೋತಿಯಾತ್ರೆಯ ಬಗ್ಗೆ ನನಗಿದ್ದ ಬೆರಗು ಅರ್ಧ ಇಳಿದುಹೋಗಿದೆ. ದೇಶದುದ್ದಕ್ಕೂ ಬೆಂಕಿ ಸಾಗಿಸಬೇಕಾದರೆ ಸಮಿತಿ ಬೇಕು, ನಕ್ಷೆ ಬೇಕು, ಪೊಲೀಸ್ ಬೆಂಗಾವಲು ಬೇಕು, ವಿಮಾನವೂ ಬೇಕು. ಇಲ್ಲಿ ಹತ್ತು ಹನ್ನೆರಡು ಜನ ಒಂದು ಹಿತ್ತಾಳೆ ದೀಪ, ಒಂದು ಗಿಂಡಿ ಎಣ್ಣೆ, ಬಾಯಿತುಂಬ ಪದ ಇಟ್ಟುಕೊಂಡು ಅದೇ ಕೆಲಸವನ್ನು ತಲೆತಲಾಂತರದಿಂದ ಮಾಡುತ್ತಿದ್ದಾರೆ. ಅವರಿಗಿಂತ ಚೆನ್ನಾಗಿ ಮಾಡಿದವರನ್ನು ನಾನು ಇನ್ನೂ ಕಂಡಿಲ್ಲ.

ಅಂಟಿಗೆ-ಪಂಟಿಗೆ ಎಂದರೇನು ಎಂದು ಮಲೆನಾಡಿನವರಿಗೆ ಹೇಳಬೇಕಿಲ್ಲ. ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬ, ಗಡಿ ದಾಟಿದರೆ ಸಿದ್ದಾಪುರ, ಎಲ್ಲ ಕಡೆ ದೀಪಾವಳಿ ಬಂದರೆ ‘ಹಬ್ಬ ಹಾಡುವವರು’ ಬರುತ್ತಾರೆ. ಊರ ದೇವರ ಮುಂದೆ ಹೊತ್ತಿಸಿಕೊಂಡ ದೀಪ ಹಿಡಿದು ರಾತ್ರಿಯಿಡೀ ಮನೆಯಿಂದ ಮನೆಗೆ, ಊರಿಂದ ಊರಿಗೆ ನಡೆಯುತ್ತಾರೆ. ಬಲೀಂದ್ರನನ್ನು ಹಾಡುತ್ತಾರೆ, ಮನೆಯವರ ದೀಪಕ್ಕೆ ತಮ್ಮ ದೀಪದಿಂದ ಬೆಂಕಿ ಮುಟ್ಟಿಸುತ್ತಾರೆ, ಹರಸಿ ಮುಂದೆ ಹೋಗುತ್ತಾರೆ. ಪುಸ್ತಕಗಳಲ್ಲಿ ಇದನ್ನು ಜನಪದ ಕಲೆ ಎಂದು ಬರೆದು ಹಾಡುಗಳನ್ನು ಸಂಗ್ರಹಿಸಿದ್ದಾರೆ. ಒಳ್ಳೆಯದೇ. ಆದರೆ ಹಾಡಿನ ಗುಂಗಿನಲ್ಲಿ ದೀಪದ ಕಡೆ ನೋಡಿದವರು ಕಡಿಮೆ. ನಾನು ಆ ರಾತ್ರಿ ನೋಡಿದ್ದು ಹೆಚ್ಚಾಗಿ ದೀಪವನ್ನೇ.

ಸಿದ್ಧತೆಯಿಲ್ಲದೆ ಹೊರಟುಬಿಡುತ್ತಾರೆ ಎಂದುಕೊಳ್ಳಬೇಡಿ. ಹಬ್ಬಕ್ಕೆ ಮುಂಚೆಯೇ ದೇವಸ್ಥಾನದ ಜಗಲಿಯಲ್ಲಿ ಕೂತು ಮಾತಾಗುತ್ತದೆ. ಮೊದಲ ರಾತ್ರಿ ಯಾವ ದಿಕ್ಕಿಗೆ, ಮರುದಿನ ಯಾವ ಊರಿಗೆ, ಬೆಳಗಿನ ಜಾವ ಯಾರ ಮನೆಯಲ್ಲಿ ಚಹ, ಯಾವ ಮನೆಯಲ್ಲಿ ಈ ವರ್ಷ ಸಾವಾಗಿ ಹಬ್ಬವಿಲ್ಲ, ಯಾರ ತೋಟದ ಸಂಕ ಮಳೆಗೆ ಕೊಚ್ಚಿ ಹೋಗಿದೆ, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಮುಂದೆ ಹೇಳುವವರು ಇಬ್ಬರು, ಹಿಂದೆ ಹೇಳುವವರು ಉಳಿದವರು. ಬೆಳಗಿನವರೆಗೆ ಗಂಟಲು ನಿಲ್ಲಬೇಕಾದ್ದರಿಂದ ಮುಂದೆ ಹೇಳುವವರಿಗೆ ಬದಲಿ ಜನ ಇರುತ್ತಾರೆ. ದೀಪ ಹಿಡಿಯುವವನು ಹಾಡುವುದಿಲ್ಲ. ಅವನ ಕಣ್ಣು ಬತ್ತಿಯ ಮೇಲೆ. ಎಣ್ಣೆ ಗಿಂಡಿಯವನು ಅವನ ಪಕ್ಕ. ಕೊನೆಯಲ್ಲಿ ಅಕ್ಕಿ ಚೀಲ ಹೊರುವ ಹುಡುಗರು. ಆ ಹುಡುಗರಲ್ಲಿ ಕೆಲವರು ಬೆಂಗಳೂರಿನಿಂದ ಹಬ್ಬಕ್ಕೆಂದೇ ರಾತ್ರಿ ಬಸ್ಸು ಹಿಡಿದು ಬಂದವರು.

ಸ್ವಾತಿ ಮಳೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಗದ್ದೆಯಲ್ಲಿ ಭತ್ತ ತೆನೆ ಬಾಗಿತ್ತು, ಬದುವಿನ ಹುಲ್ಲು ಒದ್ದೆ. ದಣಪೆ ದಾಟಿ ಅಂಗಳಕ್ಕೆ ಕಾಲಿಟ್ಟರೆ ಮೊದಲು ನಾಯಿಯ ಸ್ವಾಗತ, ಆಮೇಲೆ ಮುಚ್ಚಿದ ಬಾಗಿಲು. ಬಾಗಿಲು ಬಡಿಯುವ ಪದ್ಧತಿ ಇಲ್ಲ. ಬಾಗಿಲು ತೆಗೆಸುವ ಪದವೇ ಬೇರೆ ಇದೆ. ಅದನ್ನು ಹಾಡುತ್ತಾ ನಿಲ್ಲುತ್ತಾರೆ. ಒಳಗೆ ಎಚ್ಚರವಾಗುವುದು, ದೀಪ ಹುಡುಕುವುದು, ಸೆರಗು ಸರಿಮಾಡಿಕೊಳ್ಳುವುದು, ಮಕ್ಕಳನ್ನು ಎಬ್ಬಿಸುವುದು, ಇಷ್ಟಕ್ಕೂ ಆ ಹಾಡು ಸಮಯ ಕೊಡುತ್ತದೆ. ಒಂದು ಮನೆಯಲ್ಲಿ ಬಾಗಿಲು ತೆಗೆದ ಹೆಂಗಸು, “ಏನ್ರೋ, ಈ ಸಲ ಇಷ್ಟ್ ತಡ ಆತಲ್ಲ?” ಅಂದರು. “ಮೇಲಿನ ಕೇರೀಲಿ ಕಡಬು ತಿನ್ನಾಕೆ ಕೂರ್ಸಿದ್ರು ಅಕ್ಕ” ಎಂದ ಗಿಂಡಿಯವನು. ಅಷ್ಟರಲ್ಲಿ ಮನೆಯ ಯಜಮಾನರು ಒಳಗಿನಿಂದ ಎಣ್ಣೆ ತಂದು ತಂಡದ ದೀಪಕ್ಕೆ ಎರೆದರು. ಎಣ್ಣೆ ಎರೆಯುವುದಕ್ಕೂ ಒಂದು ಪದ ಇದೆ. ಮನೆಯಾಕೆಯ ಹಣತೆಯ ಬತ್ತಿ ಈ ದೀಪಕ್ಕೆ ತಾಗಿ ಹೊತ್ತಿಕೊಂಡಿತು. ಹಣತೆ ಒಳಗೆ ದೇವರ ಕೋಣೆಗೆ ಹೋಯಿತು. ಮೊರದಲ್ಲಿ ಅಕ್ಕಿ, ಮೇಲೊಂದು ತೆಂಗಿನಕಾಯಿ, ಎಲೆಯಲ್ಲಿ ಸುತ್ತಿದ ಹೋಳಿಗೆ ಹೊರಗೆ ಬಂದವು. ತಂಡ ಹರಸಿ ಹೊರಟಿತು.

ಆ ದೀಪದ ಬಟ್ಟಲೊಳಗೆ ಏನಿತ್ತು ಎಂಬುದನ್ನು ಹತ್ತಿರದಿಂದ ನೋಡಿದೆ. ಒಂದು ಮನೆಯ ಕೊಬ್ಬರಿ ಎಣ್ಣೆ, ಇನ್ನೊಂದು ಮನೆಯ ಎಳ್ಳೆಣ್ಣೆ, ಮತ್ತೊಂದು ಮನೆಯ ಅಂಗಡಿ ಪ್ಯಾಕೆಟ್ಟಿನ ಸೂರ್ಯಕಾಂತಿ. ನಡುರಾತ್ರಿ ಹೊತ್ತಿಗೆ ಊರಿಂದ ಹೊರಡುವಾಗ ತುಂಬಿದ್ದ ಎಣ್ಣೆ ಒಂದು ತೊಟ್ಟೂ ಉಳಿದಿರಲಿಲ್ಲ. ಉರಿಯುತ್ತಿದ್ದದ್ದು ದಾರಿಯ ಮನೆಗಳ ಎಣ್ಣೆ. ಎಣ್ಣೆ ಬದಲಾದ ಹಾಗೆ ಉರಿಯ ಬಣ್ಣ, ಹೊಗೆ, ವಾಸನೆ ಕೂಡ ಬದಲಾಗುತ್ತಿತ್ತು. ಬಡವರ ಮನೆಯ ಎಣ್ಣೆ, ಜಮೀನುದಾರರ ಮನೆಯ ಎಣ್ಣೆ ಒಂದೇ ಬತ್ತಿಗೆ ಏರುತ್ತಿದ್ದವು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆಮೇಲೆ ನಡೆದದ್ದು. ಎರಡು ಕೇರಿಗಳ ನಡುವೆ ಒಂದು ಬೋಳು ದಿಬ್ಬ. ಅಡಿಕೆ ಹಾಳೆಯನ್ನು ಮಡಿಸಿ ಗಾಳಿಗೆ ಮರೆ ಹಿಡಿದಿದ್ದರೂ ದಿಬ್ಬ ಏರುವಾಗ ಒಂದೇ ಬೀಸಿಗೆ ದೀಪ ಆರಿತು. “ಅಜ್ಜಾ, ಆರೋತಲ್ಲ!” ಎಂದು ಹುಡುಗನೊಬ್ಬ ಕೂಗಿದ. ಅವನ ಕೈಯಲ್ಲಿ ಮೊಬೈಲಿನ ಬೆಳಕಿತ್ತು. ಇನ್ನೊಬ್ಬನ ಜೇಬಿನಲ್ಲಿ ಬೆಂಕಿಪೊಟ್ಟಣ ಇತ್ತು. ಯಾರೂ ಕಡ್ಡಿ ಗೀರಲಿಲ್ಲ. “ಆರಿದ್ರೆ ಏನಾತು? ಹಿಂದಿನ ಮನೇಲಿ ಐತಲ್ಲ. ನಡೀರಿ” ಎಂದರು ಹಿರಿಯರು. ಇಡೀ ತಂಡ ತಿರುಗಿ ಇಳಿದು, ಆಗಷ್ಟೇ ಬಿಟ್ಟುಬಂದ ಮನೆಯ ಅಂಗಳಕ್ಕೆ ಬಂತು. ಮನೆಯಾಕೆ ದೇವರ ಕೋಣೆಯಿಂದ ಅದೇ ಹಣತೆ ತಂದರು. ಸ್ವಲ್ಪ ಹೊತ್ತಿನ ಹಿಂದೆ ಬೆಂಕಿ ಪಡೆದವರು ಈಗ ಬೆಂಕಿ ಕೊಟ್ಟರು. ತಂಡ ಮತ್ತೆ ದಿಬ್ಬ ಹತ್ತಿತು.

ಲೋಕದ ದೊಡ್ಡ ದೊಡ್ಡ ಜ್ಯೋತಿಯಾತ್ರೆಗಳ ಮುಂದೆ ಇದನ್ನಿಟ್ಟು ನೋಡಬೇಕು ಅನ್ನಿಸಿದ್ದು ಆಗಲೇ. ಊರಿಗೆ ಮರಳಿದ ಮೇಲೆ ಜ್ಯೋತಿ ಆರಿದ ಕತೆಗಳನ್ನೇ ಹುಡುಕುತ್ತಾ ಕೂತೆ. ಹಳೆಯ ಅಥೆನ್ಸಿನ ಪ್ಯಾನ್‌ಅಥೆನೆಯ ಹಬ್ಬದಲ್ಲಿ ಪಂಜಿನ ಓಟ ಇತ್ತು. ಪಂಜು ಆರಿದರೆ ಗೆಲುವಿನ ಆಸೆ ಬಿಟ್ಟಂತೆಯೇ. ಆದರೆ ಒಲಿಂಪಿಯಾದಿಂದ ಆತಿಥೇಯ ನಗರಕ್ಕೆ ಬೆಂಕಿ ಒಯ್ಯುವ ಪದ್ಧತಿಗೂ ಆ ಪ್ರಾಚೀನ ಗ್ರೀಸಿಗೂ ನೇರ ನಂಟಿಲ್ಲ. ಅದು 1936ರ ಬರ್ಲಿನ್ ಕ್ರೀಡಾಕೂಟಕ್ಕಾಗಿ ಕಾರ್ಲ್ ಡೀಮ್ ಹೂಡಿದ ಯೋಜನೆ. ಜುಲೈ 20ರಂದು ಕನ್ನಡಿಯಿಂದ ಬಿಸಿಲು ಹಿಡಿದು ಹೊತ್ತಿಸಿದ ಜ್ಯೋತಿಯನ್ನು 3,000ಕ್ಕೂ ಹೆಚ್ಚು ಓಟಗಾರರು ಏಳು ದೇಶ ದಾಟಿಸಿದರು. ಪಂಜುಗಳನ್ನು ಮಾಡಿಕೊಟ್ಟದ್ದು ಜರ್ಮನಿಯ ಆಯುಧ ತಯಾರಕ ಕ್ರುಪ್ ಕಂಪನಿ. ಹಿಟ್ಲರನ ಆಡಳಿತ ಇದನ್ನು ತನ್ನ ಪ್ರಚಾರಕ್ಕೆ ಬಳಸಿಕೊಂಡಿತು. ಯುದ್ಧ ಮುಗಿದ ಮೇಲೂ ಪದ್ಧತಿ ಉಳಿಯಿತು.

1976ರಲ್ಲಿ ಮಾಂಟ್ರಿಯಲ್‌ನವರು ಇನ್ನೂ ಮುಂದೆ ಹೋದರು. ಅಥೆನ್ಸಿನಲ್ಲಿ ಜ್ಯೋತಿಯನ್ನು ವಿದ್ಯುತ್ ಸಂಕೇತವಾಗಿಸಿ ಉಪಗ್ರಹದ ಮೂಲಕ ಒಟ್ಟಾವಕ್ಕೆ ಕಳಿಸಿ, ಅಲ್ಲಿ ಲೇಸರ್ ಕಿರಣದಿಂದ ಮತ್ತೆ ಹೊತ್ತಿಸಿದರು. ಅಷ್ಟೆಲ್ಲ ಮಾಡಿ ಕ್ರೀಡಾಂಗಣಕ್ಕೆ ತಂದ ಜ್ಯೋತಿ ಆಟ ಶುರುವಾದ ಕೆಲವೇ ದಿನಕ್ಕೆ ಮಳೆಗೆ ಆರಿತು. ಅಲ್ಲಿದ್ದವರೊಬ್ಬರು ಸಿಗರೇಟ್ ಲೈಟರಿನಿಂದ ಹೊತ್ತಿಸಿಬಿಟ್ಟರು. ವಿಷಯ ತಿಳಿದ ಸಂಘಟಕರು ಅದನ್ನು ಆರಿಸಿ, ಕಾಪಿಟ್ಟಿದ್ದ ಮೂಲ ಜ್ಯೋತಿಯಿಂದ ಹೊಸದಾಗಿ ಹೊತ್ತಿಸಿದರು. 2008ರ ಏಪ್ರಿಲ್‌ನಲ್ಲಿ ಪ್ಯಾರಿಸ್ಸಿನಲ್ಲಿ ಟಿಬೆಟ್ ಪರ ಪ್ರತಿಭಟನೆಯ ನಡುವೆ ಪಂಜನ್ನು ಹಲವು ಸಲ ಆರಿಸಿ ಬಸ್ಸಿಗೆ ಹತ್ತಿಸಬೇಕಾಯಿತು. ಅದೇ ತಿಂಗಳು ದೆಹಲಿಯಲ್ಲಿ ಓಟವನ್ನು ರಾಷ್ಟ್ರಪತಿ ಭವನದಿಂದ ಇಂಡಿಯಾ ಗೇಟಿನವರೆಗಿನ ಎರಡು ಚಿಲ್ಲರೆ ಕಿಲೋಮೀಟರಿಗೆ ಇಳಿಸಿ, ಜನರನ್ನು ದೂರವಿಟ್ಟು ಮುಗಿಸಿದರು. 2013ರಲ್ಲಿ ಮಾಸ್ಕೋದ ಕ್ರೆಮ್ಲಿನ್ ಬಳಿ ಈಜುಗಾರ ಶವರ್ಷ್ ಕರಪೆತ್ಯಾನ್ ಅವರ ಕೈಯಲ್ಲಿ ಪಂಜು ಆರಿದಾಗ ಭದ್ರತಾ ಸಿಬ್ಬಂದಿಯೊಬ್ಬರು ಲೈಟರ್ ಚಾಚಿದರು.

ಇಂಥ ಆಪತ್ತಿಗೆಂದೇ ಗಣಿ ಕೆಲಸಗಾರರ ಗಾಜಿನ ಲಾಂದ್ರದಂಥ ದೀಪಗಳಲ್ಲಿ ಮೂಲ ಬೆಂಕಿಯನ್ನು ಇಟ್ಟು, ಪಂಜಿನ ಜೊತೆಜೊತೆಗೇ ಒಯ್ಯುತ್ತಾರೆ. ವಿಮಾನದಲ್ಲಿ ಅದಕ್ಕೊಂದು ಆಸನ, ರಾತ್ರಿ ಕಾವಲು. ಏರ್ಪಾಟು ಪಕ್ಕಾ. ಆದರೆ ಆ ಮೂಲ ಬೆಂಕಿ ಸಂಘಟಕರ ಕೈಯಲ್ಲೇ ಇರುತ್ತದೆ, ಅವರೊಂದಿಗೇ ಹೊರಟುಹೋಗುತ್ತದೆ. ರಸ್ತೆಬದಿ ನಿಂತು ಕೈಬೀಸಿದವರ ಮನೆಯಲ್ಲಿ ಅದರ ಒಂದು ಕುಡಿಯೂ ಉಳಿಯುವುದಿಲ್ಲ. ಚಂದ್ರಗುತ್ತಿಯ ಕಡೆಯ ಆ ತಂಡ ಕಾಪು ಬೆಂಕಿಯನ್ನು ಹೊತ್ತು ತಿರುಗುವುದಿಲ್ಲ, ದಾರಿಯುದ್ದಕ್ಕೂ ಬಿಟ್ಟುಬರುತ್ತದೆ. ಎಲ್ಲಿ ಆರಿದರೂ ಹಿಂದಿನ ಮನೆಯೇ ಆಸರೆ. ಇದಕ್ಕಿಂತ ಗಟ್ಟಿಯಾದ ಏರ್ಪಾಟನ್ನು ಯಾವ ಸಂಘಟನಾ ಸಮಿತಿಯೂ ಮಾಡಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ನಮ್ಮ ನಾಡಿನ ಜ್ಯೋತಿಯಾತ್ರೆಗಳಿಗೆ ಈ ಮಾತು ನೇರವಾಗಿ ಸಂಬಂಧಿಸಿದೆ. ಚಂದ್ರಗುತ್ತಿಯಿಂದ ಸಿದ್ದಾಪುರದ ಕಡೆ ಹೊರಟರೆ ಭುವನಗಿರಿ ದೂರವಲ್ಲ. ಬಿಳಗಿಯ ಅರಸ ಬಸವೇಂದ್ರ 1692ರಲ್ಲಿ ಕಟ್ಟಿಸಿದ ಭುವನೇಶ್ವರಿ ದೇವಸ್ಥಾನ ಇರುವ ಗುಡ್ಡ ಅದು. ಕಲ್ಲಿನ ಮೆಟ್ಟಿಲು ಏರಿಯೇ ಹೋಗಬೇಕು. ಹಾವೇರಿಯ 86ನೇ ಸಾಹಿತ್ಯ ಸಮ್ಮೇಳನಕ್ಕೆ 2022ರ ಡಿಸೆಂಬರಿನಲ್ಲೂ, ಮಂಡ್ಯದ 87ನೇ ಸಮ್ಮೇಳನಕ್ಕೆ 2024ರ ಸೆಪ್ಟೆಂಬರಿನಲ್ಲೂ ಕನ್ನಡ ರಥ ಹೊರಟದ್ದು ಇಲ್ಲಿಂದಲೇ. ಇವೆರಡರ ನಡುವೆ, 2023ರ ನವೆಂಬರಿನಲ್ಲಿ, ಕರ್ನಾಟಕ ಎಂದು ಹೆಸರಾಗಿ 50 ವರ್ಷವಾದ ಸಂಭ್ರಮದ ಜ್ಯೋತಿ ರಥ ಹಂಪಿಯಿಂದ ಹೊರಟು ನಾಡು ಸುತ್ತಿತು. ಭುವನಗಿರಿಯನ್ನು ಆರಿಸಿಕೊಂಡದ್ದಕ್ಕೆ ಕನ್ನಡ ಸಾಹಿತ್ಯ ಪರಿಷತ್ತನ್ನು ಮನಸಾರೆ ಮೆಚ್ಚುತ್ತೇನೆ. ಬೆಂಗಳೂರಿನ ಮೆಟ್ಟಿಲಿನಿಂದ ಹೊರಡುವುದಕ್ಕಿಂತ ಕಾಡಿನಂಚಿನ ಮೆಟ್ಟಿಲಿನಿಂದ ಹೊರಡುವುದು ಸಾವಿರ ಪಾಲು ಮೇಲು.

ಜಿಲ್ಲೆ ಜಿಲ್ಲೆಗೆ ದಿನ ಗೊತ್ತುಮಾಡಿ, ತಾಲ್ಲೂಕು ಗಡಿಯಲ್ಲಿ ಸ್ವಾಗತ, ಪೂರ್ಣಕುಂಭ, ಡೊಳ್ಳು, ಪುಷ್ಪಾರ್ಚನೆ, ಮೆರವಣಿಗೆ, ಮತ್ತೆ ಮುಂದಿನ ಗಡಿಯಲ್ಲಿ ಬೀಳ್ಕೊಡುಗೆ: ಸರ್ಕಾರಿ ರಥಯಾತ್ರೆಯ ಕ್ರಮ ಎಲ್ಲರಿಗೂ ಗೊತ್ತು. ಅಷ್ಟು ದೊಡ್ಡ ನಾಡನ್ನು ಗೊತ್ತಾದ ದಿನದೊಳಗೆ ಸುತ್ತಬೇಕಾದರೆ ವಾಹನ ಬೇಕೇಬೇಕು, ವೇಳಾಪಟ್ಟಿಯೂ ಬೇಕು. ಆದರೆ ಶಾಲೆಯ ಮಗು ಕೈಯಲ್ಲಿ ಹಣತೆ ಹಿಡಿದು ಬಂದರೆ ಅದಕ್ಕೆ ಆ ಜ್ಯೋತಿಯ ಕುಡಿ ತಾಗಿಸುವ ಒಂದು ಗಳಿಗೆ ಆ ಪಟ್ಟಿಯಲ್ಲಿ ಇರಬೇಕು. ಕನ್ನಡದ ಜ್ಯೋತಿ ಎಂದು ಕರೆದ ಮೇಲೆ ಅದು ಕನ್ನಡದವರ ಮನೆಯೊಳಗೆ ಹೋಗಲೇಬೇಕು.

ನನ್ನದೊಂದು ಬೇಡಿಕೆ ಇದೆ. ಮುಂದಿನ ಸಮ್ಮೇಳನ ಬಳ್ಳಾರಿಗೆ ಎಂದು ಮಂಡ್ಯದಲ್ಲೇ ಘೋಷಣೆಯಾಗಿದೆ. ಭುವನಗಿರಿಯಿಂದ ಬಳ್ಳಾರಿಗೆ ಹೋಗುವ ಜ್ಯೋತಿಗೆ ಸೊರಬ-ಶಿಕಾರಿಪುರವೇ ಸಹಜ ದಾರಿ. ಕದಂಬರ ಮಯೂರಶರ್ಮನ ಕತೆಯನ್ನು ಕವಿ ಕುಬ್ಜ ಕಂಬದ ಮೇಲೆ ಬರೆದ ತಾಳಗುಂದ ಈ ದಾರಿಯಲ್ಲಿದೆ. ಹಲ್ಮಿಡಿ ಶಾಸನಕ್ಕಿಂತ ಹಳೆಯದೆಂದು ಹೇಳಲಾಗುವ, ಸಿಂಹಕಟಾಂಜನದ (ಸಿಂಹ ಕೆತ್ತಿದ ಕಲ್ಲಿನ ಕೈಪಿಡಿಯ) ಮೇಲಿನ ಕನ್ನಡ ಬರಹ ಸಿಕ್ಕಿದ್ದೂ ಆ ಊರಿನಲ್ಲೇ. ಅಲ್ಲಮನ ಬಳ್ಳಿಗಾವಿ, ಅಕ್ಕನ ಉಡುತಡಿ ಹತ್ತಿರದಲ್ಲೇ ಇವೆ. ಈ ಒಂದು ಹಾದಿಯಲ್ಲಾದರೂ ಜ್ಯೋತಿ ವಾಹನ ಬಿಟ್ಟು ಕಾಲ್ನಡಿಗೆಯಲ್ಲಿ ಸಾಗಲಿ. ಭುವನಗಿರಿಯ ಗುಡ್ಡದಿಂದ ಚಂದ್ರಗುತ್ತಿಗೆ, ಅಲ್ಲಿಂದ ಸೊರಬಕ್ಕೆ, ಸೊರಬದಿಂದ ತಾಳಗುಂದಕ್ಕೆ ಒಂದೊಂದು ಊರಿನ ಅಂಟಿಗೆ-ಪಂಟಿಗೆ ತಂಡ ಜ್ಯೋತಿಯನ್ನು ಮುಂದಿನ ತಂಡಕ್ಕೆ ದಾಟಿಸಲಿ. ದಾರಿ ಗೊತ್ತಿದೆ, ಕಾಲು ಗಟ್ಟಿಯಿದೆ, ಪದ ಬಾಯಲ್ಲಿದೆ. ಅವರನ್ನು ವೇದಿಕೆಯ ಮೇಲೆ ಹತ್ತು ನಿಮಿಷದ ಕಲಾ ಪ್ರದರ್ಶನಕ್ಕೆ ಕರೆಯುವ ಬದಲು ಜ್ಯೋತಿಯ ಜವಾಬ್ದಾರಿಯನ್ನೇ ಅವರಿಗೆ ಒಪ್ಪಿಸಬೇಕು.

ಓದುಗರಲ್ಲೂ ಒಂದು ಮಾತು. ಹಬ್ಬ ಹಾಡುವವರು ಬರುವ ಊರು ನಿಮ್ಮದಾಗಿದ್ದರೆ ಈ ದೀಪಾವಳಿಗೆ ಹೊರಬಾಗಿಲ ದೀಪ ಆರಿಸಿ ಮಲಗಬೇಡಿ. ಗೇಟಿಗೆ ಬೀಗ ಹಾಕಬೇಡಿ. ದುಡ್ಡು ಕೊಟ್ಟು ಕಳಿಸಿದರೆ ಆಯಿತು ಎಂದುಕೊಳ್ಳದೆ ಎಣ್ಣೆ ತಂದು ನಿಮ್ಮ ಕೈಯಿಂದಲೇ ಎರೆಯಿರಿ, ಮಕ್ಕಳನ್ನು ಎಬ್ಬಿಸಿ ಅವರ ಕೈಯಲ್ಲಿ ಹಣತೆ ಕೊಡಿ. ಆ ಹಣತೆಯನ್ನು ಬೆಳಗಿನವರೆಗೆ ಉರಿಯಲು ಬಿಡಿ. ತಂಡದವರು ವಾಪಸು ಬಂದು ಬೆಂಕಿ ಕೇಳಬಹುದು.